ಎರಡಾದ ಮೇಲೆ ಮೂರನೆಯದು ಬಂದೇ ಬರುತ್ತಾ?

ಪ್ರಶ್ನೆ: 2025ರ ಜೂನ್ ತಿಂಗಳಲ್ಲಿ ಒಂದರ ಹಿಂದೆ ಒಂದು ದುರಂತದ ಸುದ್ದಿ ಬಂದವು. ಬೆಂಗಳೂರಿನ ಕಾಲ್ತುಳಿತ, ಮುಂಬೈ ಲೋಕಲ್ ರೈಲು, ಅಹಮದಾಬಾದ್ ವಿಮಾನ, ಕೇದಾರನಾಥದ ಹೆಲಿಕಾಪ್ಟರ್. ಅಂದಿನಿಂದ ನಮ್ಮವ್ವನಿಗೆ ಒಂದು ಭಯ ಹಿಡಿದುಬಿಟ್ಟಿದೆ. ಪೇಪರ್‌ನಲ್ಲಿ ಎರಡು ಅನಾಹುತ ಓದಿದರೆ ಸಾಕು, "ಎರಡಾದ್ವು, ಮೂರನೇದು ಆಗೂ ತನಕ ಯಾರೂ ಊರು ಬಿಡಬ್ಯಾಡ್ರಿ" ಅನ್ನುತ್ತಾರೆ. ಮುಂದಿನ ತಿಂಗಳು ತಂಗಿಯ ಹೆರಿಗೆಗೆ ಮುಂಬೈಗೆ ಹೋಗಬೇಕು. ಹುಬ್ಬಳ್ಳಿಯಿಂದ ವಿಮಾನದ ಟಿಕೆಟ್ ಮಾಡಿಸಿದ್ದೇನೆ. ಅದನ್ನು ರದ್ದು ಮಾಡು, ರಾತ್ರಿ ಕಾರಿನಲ್ಲಿ ಹೋಗೋಣ ಅಂತ ಅವ್ವನ ಹಟ. ನಾನು ಓದಿದವಳು. ಆದರೂ ಒಳಗೊಳಗೆ ನನಗೂ ಅಳುಕು. ದುರಂತಗಳು ನಿಜಕ್ಕೂ ಗುಂಪಾಗಿ ಬರುತ್ತವೆಯಾ?
ಹುಬ್ಬಳ್ಳಿಯ ಓದುಗಿ

ಉತ್ತರ: ನಿಮ್ಮವ್ವ ಕಂಡಿದ್ದು ಸುಳ್ಳಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಜೂನ್ ನೆನೆಸಿಕೊಂಡರೆ ನನಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 4ನೇ ತಾರೀಖು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ 11 ಜನ ಸತ್ತರು. ಹಿಂದಿನ ರಾತ್ರಿ ಆರ್‌ಸಿಬಿ ಐಪಿಎಲ್ ಕಪ್ ಗೆದ್ದ ಖುಷಿಯಲ್ಲಿ ಮನೆಯಿಂದ ಹೊರಟವರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. 9ಕ್ಕೆ ಮುಂಬೈ ಹತ್ತಿರದ ಮುಂಬ್ರಾದಲ್ಲಿ ಲೋಕಲ್ ರೈಲಿನ ಬಾಗಿಲಲ್ಲಿ ಜೋತಾಡುತ್ತಿದ್ದವರು ಹಳಿಗೆ ಬಿದ್ದರು. 12ಕ್ಕೆ ಅಹಮದಾಬಾದ್‌ನಿಂದ ಲಂಡನ್‌ಗೆ ಹೊರಟ ಏರ್ ಇಂಡಿಯಾ ವಿಮಾನ ಮೇಲೇರಿದ ಕೂಡಲೇ ಬಿತ್ತು. ಒಳಗಿದ್ದ 242 ಜನರಲ್ಲಿ ಒಬ್ಬರು ಮಾತ್ರ ಉಳಿದರು. ಕೆಳಗಿದ್ದವರನ್ನೂ ಸೇರಿಸಿ ಒಟ್ಟು 260 ಸಾವು. 15ರ ಬೆಳಿಗ್ಗೆ ಕೇದಾರನಾಥದಿಂದ ವಾಪಸ್ ಬರುತ್ತಿದ್ದ ಹೆಲಿಕಾಪ್ಟರ್ ಬಿದ್ದು 7 ಜನ ಹೋದರು. ಅದೇ ದಿನ ಪುಣೆ ಹತ್ತಿರ ಇಂದ್ರಾಯಣಿ ನದಿಯ ಹಳೇ ಕಬ್ಬಿಣದ ಸೇತುವೆ ಕುಸಿಯಿತು. ಹನ್ನೆರಡು ದಿನದಲ್ಲಿ ಐದು. ಇದನ್ನು ನೋಡಿ ಮನಸ್ಸು ಕೆಡದಿದ್ದರೆ ಅದು ಮನಸ್ಸೇ ಅಲ್ಲ.

ಸರಿ, ಗುಂಪು ಇತ್ತು. ಆದರೆ ಐದು ಮಣಿ ಒಟ್ಟಿಗೆ ಬಿದ್ದಿವೆ ಅಂದ ಮಾತ್ರಕ್ಕೆ ಅದು ಸರ ಅಲ್ಲ. ನಡುವೆ ದಾರ ಇದೆಯಾ ಅಂತ ನೋಡಬೇಕು. ನಾನು ಹೇಳಬೇಕಾದ್ದೆಲ್ಲ ಆ ದಾರದ ಬಗ್ಗೆಯೇ.

ನಾನು ಮೂವತ್ತು ವರ್ಷ ಡಿಗ್ರಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಟ್ಟವನು. ಮಕ್ಕಳಿಗೆ ಮಾಡಿಸುತ್ತಿದ್ದ ಒಂದು ಆಟ ಇದೆ. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೂ ಮಾಡಿ. ಹನ್ನೆರಡು ಚೀಟಿ ತಗೊಂಡು ಒಂದೊಂದರ ಮೇಲೆ ಒಂದೊಂದು ತಿಂಗಳ ಹೆಸರು ಬರೆಯಿರಿ. ಎಲ್ಲ ಮಡಚಿ ಡಬ್ಬಿಗೆ ಹಾಕಿ ಕುಲುಕಿ. ಕಣ್ಣು ಮುಚ್ಚಿ ಒಂದು ಎತ್ತಿ. ಮಾರ್ಚ್ ಬಂತಾ? ಕ್ಯಾಲೆಂಡರ್ ಹಾಸಿಕೊಂಡು ಮಾರ್ಚ್ ಮೇಲೆ ಒಂದು ಕಡಲೆಕಾಳು ಇಡಿ. ಚೀಟಿಯನ್ನು ಮತ್ತೆ ಡಬ್ಬಿಗೇ ಹಾಕಿ ಕುಲುಕಿ. ಮತ್ತೆ ಎತ್ತಿ. ಹೀಗೆ ಹನ್ನೆರಡು ಸಲ. ವರ್ಷಕ್ಕೆ ಹನ್ನೆರಡು ದೊಡ್ಡ ಅನಾಹುತ ಆಗುತ್ತವೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಅಂತ ಇಟ್ಟುಕೊಳ್ಳಿ. ಡಬ್ಬಿ ಮಾಡುತ್ತಿರುವುದು ಅಷ್ಟೇ.

ಶುರು ಮಾಡುವ ಮುಂಚೆ ಅವ್ವನನ್ನು ಕೇಳಿ, ಕಾಳು ಹೇಗೆ ಬೀಳಬಹುದು ಅಂತ. ನನ್ನ ತರಗತಿಯಲ್ಲಿ ಪ್ರತಿ ವರ್ಷ ಒಂದೇ ಉತ್ತರ ಬರುತ್ತಿತ್ತು: ಹೆಚ್ಚು ಕಡಿಮೆ ತಿಂಗಳಿಗೆ ಒಂದೊಂದು, ಎಲ್ಲೋ ಒಂದು ಕಡೆ ಎರಡು.

ನಿಮ್ಮ ಪತ್ರ ಬಂದ ಸಂಜೆ ನಾನು ಮತ್ತೆ ಆಡಿ ನೋಡಿದೆ. ಜನವರಿಗೆ ಒಂದು. ಫೆಬ್ರವರಿ ಖಾಲಿ. ಮಾರ್ಚ್‌ಗೆ ಎರಡು. ಏಪ್ರಿಲ್ ಖಾಲಿ. ಮೇ ತಿಂಗಳಿಗೆ ಒಂದು, ಜೂನ್ ಖಾಲಿ, ಜುಲೈಗೆ ಒಂದು. ಆಗಸ್ಟ್‌ಗೆ ಮೂರು! ಸೆಪ್ಟೆಂಬರ್ ಖಾಲಿ. ಅಕ್ಟೋಬರ್‌ಗೆ ಎರಡು, ನವೆಂಬರ್ ಮತ್ತು ಡಿಸೆಂಬರ್‌ಗೆ ಒಂದೊಂದು. ಕಾಫಿ ತಂದ ನನ್ನ ಹೆಂಡತಿ ಕ್ಯಾಲೆಂಡರ್ ನೋಡಿ ನಿಂತಲ್ಲೇ ಕೇಳಿದರು, "ಆಗಸ್ಟ್‌ನಲ್ಲಿ ಏನಾಯ್ತು?"

ಆ ಪ್ರಶ್ನೆ ನನ್ನನ್ನು ತಟ್ಟಿತು. ಆಗಸ್ಟ್‌ನಲ್ಲಿ ಏನೂ ಆಗಿರಲಿಲ್ಲ. ಡಬ್ಬಿಗೆ ಆಗಸ್ಟ್ ಅಂದರೆ ಏನು ಅಂತಲೂ ಗೊತ್ತಿಲ್ಲ. ಆದರೆ ಮೂರು ಕಾಳು ಒಂದೇ ಕಡೆ ಕಂಡ ಕೂಡಲೇ ನಮ್ಮ ಮನಸ್ಸು ಕಾರಣ ಕೇಳುತ್ತದೆ. ಖಾಲಿ ಬಿದ್ದ ನಾಲ್ಕು ತಿಂಗಳ ಬಗ್ಗೆ ಅವರು ಕೇಳಲಿಲ್ಲ. ಯಾರೂ ಕೇಳುವುದಿಲ್ಲ.

ಇದಕ್ಕೆ ಲೆಕ್ಕವೂ ಇದೆ. ಹನ್ನೆರಡೂ ತಿಂಗಳಿಗೆ ಸರಿಯಾಗಿ ಒಂದೊಂದೇ ಕಾಳು ಬೀಳಬೇಕಾದರೆ ಈ ಆಟವನ್ನು ಸುಮಾರು 18,600 ಸಲ ಆಡಬೇಕು, ಆಗ ಒಂದು ಸಲ ಬಂದೀತು. ಸರಾಸರಿ ನಾಲ್ಕು ತಿಂಗಳು ಖಾಲಿ ಉಳಿಯುತ್ತವೆ. ಹತ್ತು ಸಲ ಆಡಿದರೆ ಸುಮಾರು ಏಳು ಸಲ ಯಾವುದಾದರೂ ಒಂದು ತಿಂಗಳ ಮೇಲೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಕಾಳು ಕೂತಿರುತ್ತವೆ. ಅಂದರೆ ಸುಮ್ನೆ ಬಿದ್ದಿದ್ದು ಗುಂಪಾಗಿಯೇ ಬೀಳುತ್ತದೆ. ಅಂಗಳದಲ್ಲಿ ರಾಗಿ ಚೆಲ್ಲಿದರೂ ಹಾಗೆಯೇ. ಒಂದು ಕಡೆ ಒತ್ತಾಗಿ, ಒಂದು ಕಡೆ ಬರಿದಾಗಿ. ಅನಾಹುತಗಳು ತಿಂಗಳಿಗೊಂದರಂತೆ ಸಾಲಾಗಿ ಬಂದಿದ್ದರೆ ನಾನು ಹೆದರುತ್ತಿದ್ದೆ. ಯಾರೋ ಕೂತು ಹಂಚುತ್ತಿದ್ದಾರೆ ಅಂತ ಆಗ ಅನುಮಾನ ಪಡಬೇಕಿತ್ತು.

ಇನ್ನೊಂದು ಥರ ನೋಡಿ. ಯಾವುದೋ ಒಂದು ಬಗೆಯ ಅವಘಡ ಸರಾಸರಿ 30 ದಿನಕ್ಕೊಂದು ಆಗುತ್ತದೆ ಅನ್ನೋಣ. ಇವತ್ತು ಒಂದು ಆಯಿತು. ಮುಂದಿನದು ಒಂದು ತಿಂಗಳ ನಂತರ ಅಂತ ಮನಸ್ಸು ಸಮಾಧಾನ ಮಾಡಿಕೊಳ್ಳುತ್ತದೆ. ಆದರೆ ಒಂದಕ್ಕೊಂದು ಸಂಬಂಧವಿಲ್ಲದಿದ್ದರೂ ಒಂದೇ ವಾರದೊಳಗೆ ಇನ್ನೊಂದು ಆಗುವ ಸಂಭವ ಐದರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ. ನೂರು ಅಂತರ ಬರೆದಿಟ್ಟರೆ ಸುಮಾರು 63 ಅಂತರಗಳು ಸರಾಸರಿಗಿಂತ ಚಿಕ್ಕವೇ ಆಗಿರುತ್ತವೆ. ಉಳಿದ ಕೆಲವು ತುಂಬಾ ಉದ್ದ. ಬೇಗ ಬೇಗ ಎರಡು ಮೂರು, ಆಮೇಲೆ ದೀರ್ಘ ಮೌನ, ಮತ್ತೆ ಎರಡು. ಇದು ಫ್ರಾನ್ಸಿನ ಗಣಿತಜ್ಞ ಪೊಯ್ಸಾನ್ 1837ರಲ್ಲೇ ಕೊಟ್ಟ ಲೆಕ್ಕದಿಂದ ಬರುವ ಮಾತು.

ಇದು ಬರೀ ಕಡಲೆಕಾಳಿನ ಮಾತಲ್ಲ ಅನ್ನುವುದಕ್ಕೆ ಎರಡು ನಿಜವಾದ ಪ್ರಸಂಗ ಹೇಳುತ್ತೇನೆ. 1944ರಲ್ಲಿ ಜರ್ಮನಿಯ ವಿ-1 ಹಾರುವ ಬಾಂಬುಗಳು ಲಂಡನ್ ಮೇಲೆ ಬೀಳುತ್ತಿದ್ದವು. ಕೆಲವು ಬೀದಿಗೆ ಮೇಲಿಂದ ಮೇಲೆ, ಕೆಲವು ಬೀದಿಗೆ ಒಂದೂ ಇಲ್ಲ. ಇದರ ಹಿಂದೆ ಗುರಿ ಇದೆ ಅಂತ ಜನ ಅಂದುಕೊಂಡರು. ವಿಮಾ ಲೆಕ್ಕಿಗ ಆರ್. ಡಿ. ಕ್ಲಾರ್ಕ್ ದಕ್ಷಿಣ ಲಂಡನ್ನಿನ 144 ಚದರ ಕಿಲೋಮೀಟರ್ ಜಾಗವನ್ನು 576 ಚೌಕ ಮಾಡಿ 537 ಬಾಂಬು ಎಲ್ಲೆಲ್ಲಿ ಬಿದ್ದವು ಅಂತ ಎಣಿಸಿದರು. ಒಂದೂ ಬೀಳದ ಚೌಕ 229. ಗುರಿಯೇ ಇಲ್ಲದೆ ಬಿದ್ದಿದ್ದರೆ ಎಷ್ಟಿರಬೇಕಿತ್ತು ಅಂತ ಲೆಕ್ಕ ಹಾಕಿದರೆ ಸುಮಾರು 227. ಒಂದು ಬಿದ್ದ ಚೌಕ 211, ಲೆಕ್ಕವೂ 211. ನಾಲ್ಕು ಬಿದ್ದ ಚೌಕ 7, ಲೆಕ್ಕವೂ 7ರ ಆಸುಪಾಸು. ಒಂದೇ ಚೌಕದಲ್ಲಿ ನಾಲ್ಕು ಬಾಂಬು ಬಿದ್ದ ಕಡೆ ಇದ್ದವರಿಗೆ ಅದು ಆಕಸ್ಮಿಕ ಅಂದರೆ ನಂಬಿಕೆ ಬಂದೀತಾ? ಆದರೂ ಅದು ಆಕಸ್ಮಿಕವೇ ಆಗಿತ್ತು.

ಎರಡನೆಯದು ವಿಮಾನದ್ದೇ. 2014ರ ಜುಲೈ 17ರಂದು ಉಕ್ರೇನ್ ಮೇಲೆ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ವಿಮಾನವನ್ನು ಹೊಡೆದುರುಳಿಸಿದರು. 23ಕ್ಕೆ ತೈವಾನ್‌ನಲ್ಲಿ ಒಂದು ವಿಮಾನ ಬಿತ್ತು. 24ಕ್ಕೆ ಆಫ್ರಿಕಾದ ಮಾಲಿಯಲ್ಲಿ ಇನ್ನೊಂದು. ಎಂಟು ದಿನದಲ್ಲಿ ಮೂರು. ಕೇಂಬ್ರಿಡ್ಜ್‌ನ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಸ್ಪೀಗಲ್‌ಹಾಲ್ಟರ್ ಆಗ ಲೆಕ್ಕ ಹಾಕಿ ತೋರಿಸಿದರು. ಇಂಥದ್ದೇ ಎಂಟು ದಿನ ಅಂತ ಮೊದಲೇ ಬೆರಳಿಟ್ಟು ತೋರಿಸಿದರೆ ಆ ದಿನಗಳಲ್ಲಿ ಮೂರು ವಿಮಾನ ಬೀಳುವ ಸಂಭವ ಸಾವಿರಕ್ಕೆ ಒಂದರ ಹತ್ತಿರ. ಆದರೆ ಹತ್ತು ವರ್ಷದಲ್ಲಿ ಯಾವಾಗಲಾದರೂ ಅಂಥ ಎಂಟು ದಿನ ಬರುವ ಸಂಭವ ಹತ್ತರಲ್ಲಿ ಆರು. ಬರದಿರುವುದಕ್ಕಿಂತ ಬರುವುದೇ ಹೆಚ್ಚು! ನಾವು ಎಂಟು ದಿನವನ್ನು ಮೊದಲೇ ಆರಿಸುವುದಿಲ್ಲ ಅಲ್ವಾ? ಆದ ಮೇಲೆ ಅದರ ಸುತ್ತ ಗೆರೆ ಎಳೆಯುತ್ತೇವೆ. ಕಲ್ಲು ಎಸೆದು, ಬಿದ್ದ ಕಡೆ ಸುತ್ತು ಹಾಕಿ, ಗುರಿ ಮುಟ್ಟಿತು ಅಂದ ಹಾಗೆ.

'ಮೂರಕ್ಕೆ ಮುಕ್ತಾಯ' ಅನ್ನುವ ಮಾತಿನ ಒಳಗೂ ಇದೇ ನಡೆಯುತ್ತದೆ. ಅವ್ವನ ಲೆಕ್ಕವನ್ನು ಒಂದು ಸಲ ಸಮಾಧಾನವಾಗಿ ಗಮನಿಸಿ. ಕಾಲ್ತುಳಿತ ಒಂದು, ರೈಲು ಎರಡು, ವಿಮಾನ ಮೂರು. ಇವು ಒಂದೇ ಜಾತಿಯವಲ್ಲ. ಎಲ್ಲ ಬಗೆಯ ಸಾವನ್ನೂ ಲೆಕ್ಕಕ್ಕೆ ತಗೊಂಡರೆ ಇಷ್ಟು ದೊಡ್ಡ ದೇಶದಲ್ಲಿ ಮೂರನೆಯದು ಬಾರದೆ ಇರುವುದು ಹೇಗೆ? ಇಷ್ಟು ದಿನದೊಳಗೆ ಆಗಬೇಕು ಅಂತ ಗಡುವೂ ಇಲ್ಲ. ಮೂರು ದಿನಕ್ಕೆ ಬಂದರೂ ಸೈ, ಮೂರು ವಾರಕ್ಕೆ ಬಂದರೂ ಸೈ. ಆ ಜೂನ್‌ನಲ್ಲಿ ಮೂರಕ್ಕೆ ನಿಲ್ಲಲೂ ಇಲ್ಲ, ನಾಲ್ಕು ಐದು ಬಂದವು. ಆಗ ನಾಲ್ಕನೆಯದನ್ನು ಹೊಸ ಲೆಕ್ಕದ ಒಂದು ಅಂದುಕೊಂಡುಬಿಡುತ್ತೇವೆ. ಸೋಲುವ ದಾರಿಯೇ ಇಲ್ಲದ ಲೆಕ್ಕ ಅದು. ಅದಕ್ಕೇ ಅಜ್ಜಿ ಕಾಲದಿಂದ ಬದುಕಿ ಉಳಿದಿದೆ.

ನಾನು ಇದನ್ನು ಹೊರಗೆ ನಿಂತು ಹೇಳುತ್ತಿಲ್ಲ. ನನಗೆ ಹದಿನಾಲ್ಕು ವರ್ಷ ಇದ್ದಾಗ ದೊಡ್ಡಪ್ಪ ತೀರಿಕೊಂಡರು. ಧನಿಷ್ಠಾ ಪಂಚಕದಲ್ಲಿ ಹೋದರು ಅಂದರು ಪುರೋಹಿತರು. ಪಂಚಕದಲ್ಲಿ ಒಬ್ಬರು ಹೋದರೆ ಮನೆಯಲ್ಲಿ ಇನ್ನೂ ಸಾವಾಗುತ್ತದೆ ಅನ್ನುವ ಭಯ ನಿಮಗೂ ಗೊತ್ತಿರಬಹುದು. ಶಾಂತಿ ಮಾಡಿಸಿ, ಹಳೇ ಮನೆಗೆ ಬೀಗ ಹಾಕಿ, ನಾವೆಲ್ಲ ಚಿಕ್ಕಪ್ಪನ ಮನೆಯ ಪಡಸಾಲೆಯಲ್ಲಿ ತಿಂಗಳುಗಟ್ಟಲೆ ಮಲಗಿದೆವು. ರಾತ್ರಿ ಯಾರಾದರೂ ಕೆಮ್ಮಿದರೆ ಅಜ್ಜಿ ಎದ್ದು ಕೂರುತ್ತಿದ್ದರು. ಎರಡು ತಿಂಗಳಿಗೆ ಸೋದರತ್ತೆ ಹೋದರು. ಆಮೇಲೆ ಅಜ್ಜಿಯ ತಮ್ಮ. ಊರವರು ಬೆರಳು ಮಡಚಿ ಎಣಿಸಿದರು. ಸೋದರತ್ತೆಗೆ ಬಹಳ ದಿನದಿಂದ ಸಕ್ಕರೆ ಕಾಯಿಲೆ ಇತ್ತು, ಅಜ್ಜಿಯ ತಮ್ಮನಿಗೆ ಎಂಬತ್ತು ದಾಟಿತ್ತು ಅನ್ನುವುದು ಆ ಎಣಿಕೆಯಲ್ಲಿ ಎಲ್ಲೂ ಬರಲಿಲ್ಲ. ನಂಟರೆಲ್ಲ ಸೇರಿ ನೂರು ಜನರ ಕುಟುಂಬ ನಮ್ಮದು. ಬೇರೆ ವರ್ಷಗಳಲ್ಲೂ ಎರಡು ಮೂರು ಸಾವು ಆಗಿದ್ದವು. ಆಗ ಯಾರೂ ಎಣಿಸುತ್ತಿರಲಿಲ್ಲ. ಆ ಭಯದ ರುಚಿ ನನಗೆ ಗೊತ್ತು. ನಿಮ್ಮವ್ವನನ್ನು ಮೂಢರು ಅನ್ನಲು ನನ್ನಿಂದ ಆಗದು.

ಇನ್ನು ಸುದ್ದಿಯ ಕಡೆಗೆ ಬರೋಣ. ಕಾಳು ತಾನೇ ಗುಂಪಾಗುತ್ತದೆ ಅಂದೆ. ಆ ಗುಂಪನ್ನು ಸುದ್ದಿಮನೆ ಇನ್ನಷ್ಟು ದಪ್ಪ ಮಾಡುತ್ತದೆ. ಅಹಮದಾಬಾದ್ ಆದ ಮೇಲಿನ ವಾರಗಳನ್ನು ನೆನಪು ಮಾಡಿಕೊಳ್ಳಿ. ತಾಂತ್ರಿಕ ದೋಷದಿಂದ ವಿಮಾನ ವಾಪಸ್, ಎಂಜಿನ್ ತೊಂದರೆ, ಎಸಿ ಕೆಟ್ಟು ಪ್ರಯಾಣಿಕರ ಪರದಾಟ. ದಿನಾ ಒಂದಲ್ಲ ಒಂದು. ಇಂಥವು ಮೇ ತಿಂಗಳಲ್ಲೂ ಆಗುತ್ತಿದ್ದವು. ಜಗತ್ತಿನಲ್ಲಿ ದಿನಕ್ಕೆ ಲಕ್ಷದ ಹತ್ತಿರ ವಿಮಾನ ಹಾರಾಟ ನಡೆಯುತ್ತವೆ. ಕೆಲವು ವಾಪಸ್ ಬರುವುದು ಮಾಮೂಲು, ಅದು ಎಚ್ಚರಿಕೆಯ ಲಕ್ಷಣವೂ ಹೌದು. ಮೇ ತಿಂಗಳಲ್ಲಿ ಅದು ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು, ಅಥವಾ ಅದೂ ಇಲ್ಲ. ಜೂನ್‌ನಲ್ಲಿ ಟಿವಿಯಲ್ಲಿ ಕೆಂಪು ಪಟ್ಟಿ. ಆದದ್ದು ಅಷ್ಟೇ, ಕಂಡದ್ದು ಜಾಸ್ತಿ.

ಇದರಲ್ಲಿ ಪತ್ರಕರ್ತರ ಕೆಟ್ಟತನ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಒಂದು ದೊಡ್ಡ ದುರಂತ ಆದಾಗ ಜನ ಅದರದ್ದೇ ಸುದ್ದಿ ಕೇಳುತ್ತಾರೆ, ವರದಿಗಾರರೂ ಅದೇ ದಿಕ್ಕಿಗೆ ಕಣ್ಣು ಹಾಯಿಸುತ್ತಾರೆ. ಅಮೆರಿಕದಲ್ಲಿ 2001ರ ಬೇಸಿಗೆಯಲ್ಲಿ ಫ್ಲಾರಿಡಾ ಕಡಲ ತೀರದಲ್ಲಿ ಎಂಟು ವರ್ಷದ ಹುಡುಗನೊಬ್ಬನ ಮೇಲೆ ಶಾರ್ಕ್ ದಾಳಿಯಾಯಿತು. ಆಮೇಲೆ ಎರಡು ತಿಂಗಳು ಶಾರ್ಕ್ ಬಿಟ್ಟರೆ ಸುದ್ದಿಯೇ ಇಲ್ಲ. ಟೈಮ್ ಪತ್ರಿಕೆ ಮುಖಪುಟದಲ್ಲೇ ಅದನ್ನು ಶಾರ್ಕ್ ಬೇಸಿಗೆ ಅಂತ ಕರೆಯಿತು. ವರ್ಷದ ಕೊನೆಗೆ ಎಣಿಸಿದರೆ ಜಗತ್ತಿನಲ್ಲಿ ಶಾರ್ಕ್‌ನಿಂದ ಸತ್ತವರು ಹಿಂದಿನ ವರ್ಷಕ್ಕಿಂತ ಕಡಿಮೆ. ಸೆಪ್ಟೆಂಬರ್ 11ರಂದು ಭಯೋತ್ಪಾದಕರು ವಿಮಾನಗಳನ್ನು ಅಪಹರಿಸಿ ದಾಳಿ ನಡೆಸಿದ ದಿನವೇ ಶಾರ್ಕ್‌ಗಳು ಟಿವಿಯಿಂದ ಮಾಯವಾದವು. ಸಮುದ್ರದಲ್ಲಿ ಅವು ಹಾಗೆಯೇ ಇದ್ದವು.

ಯಾವುದು ಬೇಗ ನೆನಪಿಗೆ ಬರುತ್ತದೋ ಅದೇ ಜಾಸ್ತಿ ನಡೆಯುತ್ತಿದೆ ಅಂದುಕೊಳ್ಳುವುದು ನಮ್ಮ ಮನಸ್ಸಿನ ಗುಣ. ಆಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲೇ ಇದನ್ನು ವಿವರಿಸಿ ಬರೆದರು. ಆ ಕಾಲದಲ್ಲಿ ಸುದ್ದಿ ದಿನಕ್ಕೊಂದು ಸಲ ಮನೆಗೆ ಬರುತ್ತಿತ್ತು. ಈಗ ವಿಮಾನ ಬೀಳುವ ಅದೇ ಹತ್ತು ಸೆಕೆಂಡಿನ ದೃಶ್ಯ ಮನೆಯ ಗ್ರೂಪ್‌ನಲ್ಲಿ, ಆಫೀಸಿನ ಗ್ರೂಪ್‌ನಲ್ಲಿ, ಶಾಲೆಯ ಹಳೇ ಗೆಳೆಯರ ಗ್ರೂಪ್‌ನಲ್ಲಿ ಬರುತ್ತದೆ. ಒಂದೇ ವಿಮಾನ ಮನಸ್ಸಿನೊಳಗೆ ಐವತ್ತು ಸಲ ಬೀಳುತ್ತದೆ. ಅವ್ವನ ಮೊಬೈಲ್‌ಗೆ ಅಂಥವು ಎಷ್ಟು ಬರುತ್ತವೆ ಅಂತ ಒಮ್ಮೆ ನೋಡಿ.

ನಮ್ಮ ಹಾಸನದಲ್ಲಿ ಆದದ್ದನ್ನು ಹೇಳದೆ ಮುಂದೆ ಹೋಗಲಾರೆ. ಅದೇ ಜೂನ್ ಕೊನೆಗೆ ಸುದ್ದಿ ಶುರುವಾಯಿತು: ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು, ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದಾರೆ. ದಿನಾ ಬೆಳಿಗ್ಗೆ ಆ ಸಂಖ್ಯೆಗೆ ಒಂದು ಸೇರುತ್ತಿತ್ತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮುಂಚೆ ಸಾಲು. ಎದೆಯಲ್ಲಿ ಗ್ಯಾಸ್ ಹಿಡಿದರೂ ಜನ ಇಸಿಜಿಗೆ ಓಡಿದರು. ನನ್ನ ಹಳೇ ವಿದ್ಯಾರ್ಥಿಯೊಬ್ಬ ಹಾಸನದಿಂದ ಫೋನ್ ಮಾಡಿ, "ಸರ್, ರಾತ್ರಿ ಮಲಗಕ್ಕೆ ಹೆದರಿಕೆ ಆಗ್ತಿದೆ" ಅಂದ. ಅವನಿಗೆ ಮೂವತ್ತಾರು.

ಅವನ ಜೊತೆ ಫೋನಿನಲ್ಲೇ ಒಂದು ಲೆಕ್ಕ ಮಾಡಿದೆ. 2011ರ ಜನಗಣತಿ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ 17 ಲಕ್ಷಕ್ಕೂ ಹೆಚ್ಚು. ಸಾವಿರ ಜನರಿಗೆ ವರ್ಷಕ್ಕೆ ಆರೇಳು ಸಾವು ಅಂತ ಹಿಡಿದರೆ ವರ್ಷಕ್ಕೆ ಹನ್ನೊಂದು ಸಾವಿರದಷ್ಟು ಆಯಿತು. ನಲವತ್ತು ದಿನಕ್ಕೆ ಸಾವಿರದ ಇನ್ನೂರು. ನಮ್ಮ ದೇಶದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಸಾವು ಹೃದಯ ಮತ್ತು ರಕ್ತನಾಳದ ತೊಂದರೆಯಿಂದ ಆಗುತ್ತದೆ. ಅಂದರೆ ಯಾವ ವಿಶೇಷವೂ ಇಲ್ಲದ ನಲವತ್ತು ದಿನದಲ್ಲಿ ಆ ಜಿಲ್ಲೆಯಲ್ಲಿ ಇಂಥ ಸಾವು ಮುನ್ನೂರರ ಹತ್ತಿರ. ಸುದ್ದಿಗೆ ಬಂದಿದ್ದು ಅದರಲ್ಲಿ ಇಪ್ಪತ್ತು ಚಿಲ್ಲರೆ. ಹಿಂದಿನ ನಲವತ್ತು ದಿನದ ಮುನ್ನೂರು ಸಾವನ್ನು ಯಾರೂ ಎಣಿಸಿರಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟೊಂದಾ?" ಅಂದ.

ಆದರೆ ಒಂದು ಮಾತು. ಫೋನಿನಲ್ಲಿ ಹಾಕಿದ ಲೆಕ್ಕದಿಂದ ವಿಷಯ ಮುಗಿಯುವುದಿಲ್ಲ. ಚಿಕ್ಕವರ ಸಾವು ಜಾಸ್ತಿ ಆಗಿದೆಯಾ ಅಂತ ಯಾರಾದರೂ ಕೂತು ನೋಡಲೇಬೇಕಿತ್ತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಅವರು ಆ ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. 24 ಸಾವುಗಳಲ್ಲಿ 20ರಲ್ಲಿ ಹೃದಯದ ಕಾರಣ ಇತ್ತು. ಉಳಿದ ಕೆಲವಕ್ಕೆ ಹೃದಯದ ಸಂಬಂಧವೇ ಇರಲಿಲ್ಲ. ಜಿಲ್ಲೆಯಲ್ಲಿ ಹೃದಯಾಘಾತ ಇದ್ದಕ್ಕಿದ್ದಂತೆ ಏರಿದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಸಿಕ್ಕಿದ್ದು ನಮಗೆಲ್ಲ ಗೊತ್ತಿರುವ ಕಾರಣಗಳು: ಸಕ್ಕರೆ ಕಾಯಿಲೆ, ಬಿಪಿ, ತಂಬಾಕು, ಕುಡಿತ, ತೂಕ. ಈ ರೀತಿ ಒಂದೊಂದನ್ನೇ ಬಿಡಿಸಿ ನೋಡುವ ಕೆಲಸವನ್ನು ನಾನು ತುಂಬಾ ಗೌರವಿಸುತ್ತೇನೆ.

ಯಾಕೆಂದರೆ ಕೆಲವೊಮ್ಮೆ ದಾರ ನಿಜವಾಗಿಯೂ ಇರುತ್ತದೆ. ಇದನ್ನು ಮುಚ್ಚಿಟ್ಟರೆ ನಿಮಗೆ ಅರ್ಧ ಉತ್ತರ ಕೊಟ್ಟ ಹಾಗೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿಯಿತು. 30ಕ್ಕೆ ವಯನಾಡಿನಲ್ಲಿ ಅದಕ್ಕಿಂತ ದೊಡ್ಡ ಕುಸಿತ. ಇವೆರಡನ್ನೂ ಆಕಸ್ಮಿಕ ಅಂದರೆ ತಪ್ಪು. ಒಂದೇ ಮಳೆಗಾಲ, ಒಂದೇ ಪಶ್ಚಿಮ ಘಟ್ಟ, ನೀರು ಕುಡಿದು ಭಾರವಾದ ಮಣ್ಣು. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಹತ್ತಾರು ಗುಡ್ಡ ಒಟ್ಟೊಟ್ಟಿಗೆ ಜಾರಿದ್ದೂ ಹೀಗೆಯೇ. ಭೂಕಂಪವೂ ಅಷ್ಟೇ. ದೊಡ್ಡದೊಂದು ಆದರೆ ಅದರ ಬೆನ್ನಿಗೆ ಮರುಕಂಪನಗಳು ಬರುತ್ತವೆ. 2023ರ ಫೆಬ್ರವರಿ 6ರಂದು ಟರ್ಕಿಯಲ್ಲಿ 7.8ರ ಕಂಪನ ಆಗಿ ಒಂಬತ್ತು ಗಂಟೆಯಲ್ಲಿ 7.5ರದ್ದು ಆಯಿತು. ಅಲ್ಲಿ "ಇನ್ನೊಂದು ಬರಬಹುದು, ಮನೆಯೊಳಗೆ ಹೋಗಬೇಡಿ" ಅನ್ನುವುದು ಶುದ್ಧ ವಿಜ್ಞಾನ.

ವಿಮಾನದಲ್ಲೂ ಅಂಥದ್ದು ನಡೆದಿದೆ. 1954ರ ಜನವರಿ 10ರಂದು ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನ ಇಟಲಿಯ ಎಲ್ಬಾ ದ್ವೀಪದ ಹತ್ತಿರ ಆಕಾಶದಲ್ಲೇ ಚೂರಾಯಿತು. ಹಾರಾಟ ನಿಲ್ಲಿಸಿದರು. ಕಾರಣ ಸಿಗಲಿಲ್ಲ. ಮಾರ್ಚ್‌ನಲ್ಲಿ ಮತ್ತೆ ಹಾರಿಸಿದರು. ಏಪ್ರಿಲ್ 8ಕ್ಕೆ ನೇಪಲ್ಸ್ ಹತ್ತಿರ ಇನ್ನೊಂದು ಕಾಮೆಟ್ ಹಾಗೆಯೇ ಒಡೆಯಿತು. ಆಮೇಲೆ ಇಡೀ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು, ಒತ್ತಡ ಏರಿಸಿ ಇಳಿಸಿ ಪರೀಕ್ಷೆ ಮಾಡಿದಾಗ ಲೋಹ ದಣಿದು ಬಿರುಕು ಬಿಡುವುದು ಗೊತ್ತಾಯಿತು. 2018ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದಲ್ಲಿ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ಬಿದ್ದ ಎರಡು ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳ ಕಥೆಯೂ ಅದೇ. ಐದು ತಿಂಗಳ ಅಂತರ, 346 ಸಾವು. ಒಂದೇ ಸೆನ್ಸರ್‌ನ ತಪ್ಪು ಮಾತು ನಂಬಿ ವಿಮಾನದ ಮೂಗನ್ನು ಕೆಳಗೆ ತಳ್ಳುತ್ತಿದ್ದ ಸಾಫ್ಟ್‌ವೇರ್ ಎರಡರಲ್ಲೂ ಇತ್ತು. ಮೊದಲನೆಯದು ಬಿದ್ದಾಗಲೇ ಆ ಮಾದರಿಯನ್ನು ನೆಲದ ಮೇಲೆ ನಿಲ್ಲಿಸಿದ್ದರೆ ಎರಡನೆಯದರ 157 ಜನ ಬದುಕಿರುತ್ತಿದ್ದರು. ಇದನ್ನು ಬರೆಯುವಾಗ ಈಗಲೂ ನನಗೆ ಕೋಪ ಬರುತ್ತದೆ.

ಈಗ ಜೂನ್‌ನ ಐದಕ್ಕೆ ವಾಪಸ್ ಬನ್ನಿ. ಕ್ರೀಡಾಂಗಣದ ಗೇಟಿಗೂ ಮುಂಬ್ರಾದ ರೈಲು ಬಾಗಿಲಿಗೂ ನಡುವೆ ದಾರ ಯಾವುದು? ಅಹಮದಾಬಾದ್‌ಗೂ ಇಂದ್ರಾಯಣಿ ಸೇತುವೆಗೂ ಯಾವುದು? ಕ್ಯಾಲೆಂಡರ್ ಬಿಟ್ಟರೆ ಬೇರೇನೂ ಇಲ್ಲ. ಆದರೆ ಒಂದೊಂದಕ್ಕೂ ಅದರದ್ದೇ ಆದ ಕಾರಣ ಇದೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೂರಲು ಜಾಗ ಇರುವುದು ಸುಮಾರು 35,000 ಜನಕ್ಕೆ. ಅವತ್ತು ಬಂದವರು ಲಕ್ಷಗಟ್ಟಲೆ. ಪಾಸು ಯಾರಿಗೆ, ಗೇಟು ಯಾವಾಗ ತೆರೆಯುತ್ತದೆ, ಯಾವ ಕಡೆಯಿಂದ ಒಳಗೆ ಹೋಗಬೇಕು ಅಂತ ಹೊರಗೆ ನಿಂತವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಮುಂಬೈ ಲೋಕಲ್‌ನಲ್ಲಿ ಬಾಗಿಲಿಗೆ ಜೋತು ಬೀಳುವುದು ದಿನದ ಗೋಳು. ಇಂದ್ರಾಯಣಿಯ ಸೇತುವೆ ಹಳೆಯದು, ಅದರ ಮೇಲೆ ಅವತ್ತು ಪ್ರವಾಸಿಗರು ತುಂಬಿಕೊಂಡಿದ್ದರು.

ಎಲ್ಲವನ್ನೂ ಒಂದೇ ಸರಕ್ಕೆ ಪೋಣಿಸಿ "ಕಾಲ ಕೆಟ್ಟಿದೆ, ಗ್ರಹಚಾರ" ಅಂದುಬಿಟ್ಟರೆ ಆ ಗೇಟಿನ ಬಗ್ಗೆ ಯಾರು ಕೇಳುತ್ತಾರೆ? ನನಗೆ ಈ ನಂಬಿಕೆಯ ಬಗ್ಗೆ ಇರುವ ನಿಜವಾದ ತಕರಾರು ಇದೇ. ಭಯಪಡಬೇಡಿ ಅಂತ ಹೇಳುವುದು ನನಗೆ ಎರಡನೆಯ ಮಾತು. ಕ್ರೀಡಾಂಗಣದ ಆ ಹನ್ನೊಂದು ಜನರನ್ನು ಕೊಂದಿದ್ದು ಜೂನ್ ತಿಂಗಳಲ್ಲ. ಅವರ ಸಾವನ್ನು ಒಂದು ಕೆಟ್ಟ ತಿಂಗಳ ಲೆಕ್ಕಕ್ಕೆ ಬರೆದರೆ ಜವಾಬ್ದಾರಿ ಇದ್ದವರು ನಿರಾಳವಾಗಿ ಉಸಿರು ಬಿಡುತ್ತಾರೆ. ಮಂಗಳೂರಿನಲ್ಲಿ 2010ರ ಮೇ 22ರಂದು ಬಿದ್ದ ವಿಮಾನವನ್ನು ನಮ್ಮ ಕಡೆ ಈಗಲೂ ಜನ ವಿಧಿ ಅನ್ನುತ್ತಾರೆ. 158 ಜನ ಹೋದರು. ತನಿಖೆಯಲ್ಲಿ ಬಂದಿದ್ದು ವಿಧಿ ಅಲ್ಲ. ಸರಿಯಾದ ಎತ್ತರದಲ್ಲಿ ಬರದಿದ್ದರೂ ಇಳಿಸುವ ಪ್ರಯತ್ನ ಬಿಡದೆ ಮುಂದುವರಿಸಿದ್ದು, ಸಹ ಪೈಲಟ್ ಮತ್ತೆ ಮೇಲೇರೋಣ ಅಂದದ್ದು ನಡೆಯದೆ ಹೋದದ್ದು. ಅದು ತಿದ್ದಿಕೊಳ್ಳಬಹುದಾದ ವಿಷಯ.

ಇನ್ನು ನಿಮ್ಮ ಟಿಕೆಟ್. ರದ್ದು ಮಾಡಬೇಡಿ. ಪೇಪರ್‌ನಲ್ಲಿ ಓದಿದ ಎರಡು ಅನಾಹುತ ನಿಮ್ಮ ಹುಬ್ಬಳ್ಳಿ–ಮುಂಬೈ ವಿಮಾನಕ್ಕೆ ಏನೂ ಮಾಡುವುದಿಲ್ಲ. ಡಬ್ಬಿಗೆ ಹಿಂದಿನ ಚೀಟಿ ನೆನಪಿರುವುದಿಲ್ಲವಲ್ಲ, ಹಾಗೆ. ಅದರ ಬದಲು ರಾತ್ರಿ ಕಾರಿನಲ್ಲಿ ಬೆಳಗಾವಿ, ಕೊಲ್ಹಾಪುರ, ಪುಣೆ ದಾಟಿ ಐನೂರು ಕಿಲೋಮೀಟರ್‌ಗೂ ಹೆಚ್ಚು ಹೋಗುವುದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ದಿನಕ್ಕೆ ಸುಮಾರು 460. ಅಹಮದಾಬಾದ್‌ನ ಒಟ್ಟು ಸಾವಿಗಿಂತ ಜಾಸ್ತಿ, ಪ್ರತಿ ದಿನ. ಆ ಜೂನ್ 12ರಂದೂ ಅಷ್ಟು ಜನ ಸತ್ತಿರಬೇಕು. ಅವರು ಒಬ್ಬೊಬ್ಬರಾಗಿ, ಬೇರೆ ಬೇರೆ ಊರಲ್ಲಿ ಹೋದರು. ಆದ್ದರಿಂದ ಗುಂಪಾಗಿ ಕಾಣಲಿಲ್ಲ. ಅಮೆರಿಕದಲ್ಲಿ ಸೆಪ್ಟೆಂಬರ್ 11ರ ನಂತರ ಬಹಳ ಜನ ವಿಮಾನ ಬಿಟ್ಟು ಕಾರು ಹತ್ತಿದರು. ಅದರಿಂದ ಮುಂದಿನ ಒಂದು ವರ್ಷದಲ್ಲಿ ರಸ್ತೆಯಲ್ಲಿ ಸುಮಾರು 1,500 ಜನ ಹೆಚ್ಚಾಗಿ ಸತ್ತರು ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗೆರೆಂಜರ್ ಲೆಕ್ಕ ಹಾಕಿದ್ದಾರೆ. ಭಯಕ್ಕೆ ದಾರಿ ಬದಲಿಸಿದವರು ಅವರು.

ಅವ್ವ ಏನು ಮಾಡಿದರೂ ಒಪ್ಪದಿದ್ದರೆ ಬಲವಂತ ಮಾಡಬೇಡಿ. ಹೆರಿಗೆ ಮನೆಗೆ ಹೋಗುವವರು ಹೆದರಿಕೊಂಡು ಹೋಗುವುದು ಬೇಡ. ರೈಲು ಇದೆ, ರೈಲಿನಲ್ಲಿ ಹೋಗಿ. ಕಾರೇ ಬೇಕು ಅಂದರೆ ರಾತ್ರಿ ಬೇಡ, ಬೆಳಗಿನ ಜಾವ ಹೊರಟು ಕತ್ತಲಾಗುವ ಮುಂಚೆ ಮುಟ್ಟಿ. ಓಡಿಸುವವರಿಗೆ ಹಿಂದಿನ ರಾತ್ರಿ ಪೂರ್ತಿ ನಿದ್ದೆ ಆಗಿರಲಿ. ಹಿಂದಿನ ಸೀಟಿನಲ್ಲಿ ಕೂರುವ ಅವ್ವನಿಗೂ ಬೆಲ್ಟ್ ಹಾಕಿಸಿ. ಸೀರೆ ಸುಕ್ಕಾಗುತ್ತದೆ, ಉಸಿರು ಕಟ್ಟುತ್ತದೆ ಅಂತ ಬೇಡ ಅನ್ನಬಹುದು. ಕೇಳಬೇಡಿ, ನೀವೇ ಕೈಯಾರೆ ಹಾಕಿ.